ಕುದುರೆ ಕೂದಲಲ್ಲಿ ಬ್ರಷ್ ಕಟ್ಟೋದು, ಮತ್ತೆ ತುದಿಗೆ ಯಾಕೆ ಕತ್ತರಿ ಹಾಕಬಾರದು

ಚಿತ್ರ ಬರೆಯೋ ಬ್ರಷ್ ನಾನೇ ಕಟ್ಕೋತೀನಿ, ಅದೂ ಕುದುರೆ ಕೂದಲಲ್ಲಿ ಅಂದ್ರೆ ಜನ ಕೇಳೋ ಮೊದಲ ಪ್ರಶ್ನೆ, ಪಾಪ ಕುದುರೆಗೆ ನೋವಾಗಲ್ವಾ ಅಂತ. ಆಗಲ್ಲ. ನಮ್ಮ ತಲೆಕೂದಲು ಕತ್ತರಿಸಿದ್ರೆ ಎಷ್ಟು ನೋವಾಗುತ್ತೋ ಅಷ್ಟೇ, ಅಂದ್ರೆ ಏನೂ ಇಲ್ಲ. ಮತ್ತೆ ತಿಂಗಳಿಗೆ ಒಂದೆರಡು ಸೆಂಟಿಮೀಟರ್ ಬೆಳೀತಾನೇ ಇರುತ್ತೆ. ಆದ್ರೆ ಬಾಲ ಕುದುರೆಗೆ ಬರೀ ಅಲಂಕಾರ ಅಲ್ಲ, ನೊಣ ಸೊಳ್ಳೆ ಓಡಿಸ್ಕೊಳ್ಳೋಕೆ ಅದಕ್ಕಿರೋದೇ ಅದು, ಹಾಗಾಗಿ ಬಾಲ ಕತ್ತರಿಸಿ ಕೊಡಿ ಅಂತ ಯಾರನ್ನೂ ಕೇಳಬಾರದು, ನಾನೂ ಕೇಳಲ್ಲ. ಮೈಸೂರಲ್ಲಿ ಇವತ್ತಿಗೂ ಟಾಂಗಾ ಓಡ್ತವೆ, ಅವರು ಬೆಳಗ್ಗೆ ಕುದುರೆ ಮೈ ತಿಕ್ಕಿ ಬಾಚುವಾಗ ಬಾಚಣಿಗೇಲಿ ಬರೋ ಕೂದಲು, ಗಂಟುಕಟ್ಟಿದೆ ಅಂತ ಕತ್ತರಿಸಿ ಎಸೆಯೋ ಎಳೆಗಳು, ಕತ್ತಿನ ಜೂಲು ಸಮ ಮಾಡಿದಾಗ ನೆಲಕ್ಕೆ ಬೀಳೋದು, ಇಷ್ಟನ್ನ ಒಂದು ಪೇಪರಲ್ಲಿ ಸುತ್ತಿಟ್ಟು ಕೊಡಿ ಅಂತ ಹೇಳಿಟ್ರೆ ವರ್ಷಕ್ಕಾಗುವಷ್ಟು ಸಿಗುತ್ತೆ. ಕಸಕ್ಕೆ ಹೋಗೋದು ತಾನೆ ಅಂತ ನಗ್ತಾನೇ ಕೊಡ್ತಾರೆ.

ಈ ಕೆಲಸಕ್ಕೆ ನಾನು ಕೈ ಹಾಕಿದ್ದು ಮುಂಗುಸಿ ವಿಷಯ ಗೊತ್ತಾದ ಮೇಲೆ. ನಮ್ಮ ದೇಶದಲ್ಲಿ ಎಷ್ಟೋ ವರ್ಷಗಳಿಂದ ಒಳ್ಳೇ ಬ್ರಷ್ ಅಂದ್ರೆ ಮುಂಗುಸಿ ಕೂದಲಿನದು ಅಂತಾನೇ ನಡ್ಕೊಂಡು ಬಂದಿದೆ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಮುಂಗುಸಿ ಹಿಡಿಯೋದು, ಕೊಲ್ಲೋದು, ಅದರ ಕೂದಲು ಮಾರೋದು ಎಲ್ಲಾ ಅಪರಾಧ. ಆದ್ರೂ ವ್ಯಾಪಾರ ನಿಂತಿಲ್ಲ, 2019ರಲ್ಲಿ ವನ್ಯಜೀವಿ ಅಪರಾಧ ನಿಯಂತ್ರಣ ಬ್ಯೂರೋದವರು ಆಪರೇಷನ್ ಕ್ಲೀನ್ ಆರ್ಟ್ ಅಂತ ಹೆಸರಿಟ್ಟು ದೇಶದ ಬೇರೆಬೇರೆ ಕಡೆ ಒಟ್ಟಿಗೆ ದಾಳಿ ಮಾಡಬೇಕಾಯ್ತು. ಒಂದು ಕಿಲೋ ಕೂದಲು ಬೇಕು ಅಂದ್ರೆ ಹತ್ತಾರು ಮುಂಗುಸಿ ಸಾಯಬೇಕು. ಮುಂಗುಸಿ ಮೈ ಬಾಚಿ ಯಾರೂ ಕೂದಲು ತೆಗೆಯಲ್ಲ, ಬಲೆ ಹಾಕಿ ಹಿಡಿದು ಹೊಡೆದು ಸಾಯಿಸ್ತಾರೆ. ನಿಮ್ಮ ಹಳೇ ಡಬ್ಬೀಲಿ ಇರೋ ಬ್ರಷ್ ಒಮ್ಮೆ ತೆಗೆದು ಬೆಳಕಲ್ಲಿ ನೋಡಿ, ತುದಿ ಕಪ್ಪು ಕಂದು, ನಡುವೆ ಕೆನೆ ಬಣ್ಣದ ಪಟ್ಟಿ, ಬುಡದಲ್ಲಿ ಮತ್ತೆ ಕಪ್ಪಾಗಿದ್ರೆ ಅದು ಮುಂಗುಸಿ ಇರೋ ಸಾಧ್ಯತೆ ಜಾಸ್ತಿ. ದಯವಿಟ್ಟು ಹೊಸದಾಗಿ ಅಂಥದ್ದು ಕೊಳ್ಳಬೇಡಿ. ಈಗ ನೈಲಾನ್ ಬ್ರಷ್ ತುಂಬಾ ಚೆನ್ನಾಗಿ ಬರ್ತಾವೆ, ನಾನೂ ದಿನಾ ಬಳಸ್ತೀನಿ, ಆದ್ರೆ ಇಂಕ್ ವಾಶ್, ಅಂದ್ರೆ ನೀರು ಬೆರೆಸಿದ ಇಂಕನ್ನ ತೆಳ್ಳಗೆ ಹರಡೋ ಕೆಲಸ, ಮಾಡುವಾಗ ನಿಜವಾದ ಕೂದಲಿನ ಬ್ರಷ್ ನೀರನ್ನ ಹಿಡಿದಿಟ್ಟು ನಿಧಾನಕ್ಕೆ ಬಿಡೋ ರೀತಿ ನೈಲಾನಿಗೆ ಇನ್ನೂ ಪೂರ್ತಿ ಬಂದಿಲ್ಲ ಅನ್ನೋದು ನನ್ನ ಅಭಿಪ್ರಾಯ. ಪ್ರಾಣಿ ಸಾಯದೆ ಸಿಗೋ ಕೂದಲು ಯಾವುದು ಅಂತ ಹುಡುಕಿದ್ರೆ ನಮ್ಮ ಊರಲ್ಲಿ ಸುಲಭಕ್ಕೆ ಸಿಗೋದು ಎರಡೇ, ಕುದುರೆ ಮತ್ತೆ ಮೇಕೆ.

ಅಂದಹಾಗೆ ಕುದುರೆ ಕೂದಲು ನಮಗೆ ಹೊಸದೇನಲ್ಲ. ಸ್ಕೂಲಲ್ಲಿ ವಾಟರ್ ಕಲರ್ ಬಾಕ್ಸ್ ಜೊತೆ ಬರ್ತಿದ್ದ ಕಡಿಮೆ ಬೆಲೆ ಬ್ರಷ್‌ಗಳಲ್ಲಿ ಎಷ್ಟೋ ಪೋನಿ ಹೇರ್, ಅಂದ್ರೆ ಕುದುರೆ ಕೂದಲೇ, ಇರುತ್ತೆ, ಅಂಗಡೀಲಿ ಕ್ಯಾಮೆಲ್ ಹೇರ್ ಅಂತ ಮಾರೋದ್ರಲ್ಲೂ ಒಂಟೆ ಕೂದಲು ಇರಲ್ಲ, ಅಳಿಲು, ಮೇಕೆ, ಪೋನಿ ಇಂಥವು ಮಿಕ್ಸ್ ಆಗಿರುತ್ತೆ. ಆ ಬ್ರಷ್ ಒಂದೇ ವಾರಕ್ಕೆ ಕೆದರಿಕೊಂಡು ಹಾಳಾಗ್ತಿತ್ತಲ್ಲ, ಅದಕ್ಕೆ ಕುದುರೆ ಕೂದಲು ಕಾರಣ ಅಂತ ತುಂಬಾ ಜನ ಅಂದ್ಕೊಂಡಿದಾರೆ. ಕಾರಣ ಅದಲ್ಲ, ಕಟ್ಟೋ ರೀತಿ.

ಇಲ್ಲೇ ಮುಖ್ಯ ವಿಷಯ ಬರೋದು. ಒಂದು ಕೂದಲಿಗೆ ಒಂದೇ ತುದಿ. ಪ್ರಾಣಿ ಮೈಮೇಲೆ ತಾನಾಗೇ ಬೆಳೆದ ಕೂದಲು ಬುಡದಿಂದ ತುದಿ ಕಡೆ ಹೋಗ್ತಾ ಸಣ್ಣ ಆಗ್ತಾ ಹೋಗಿ ಕೊನೇಲಿ ಚೂಪಾಗಿ ಮುಗಿಯುತ್ತೆ, ಅಂಥ ನೂರಾರು ಚೂಪು ಒಂದು ಕಡೆ ಸೇರಿದಾಗ ಮಾತ್ರ ಒದ್ದೆ ಬ್ರಷ್ ಒಂದು ಬಿಂದುವಿಗೆ ಬಂದು ನಿಲ್ಲೋದು. ಕತ್ತರಿ ಹಾಕಿದ್ರೆ ಆ ಚೂಪು ಹೋಯ್ತು, ಉಳಿಯೋದು ಮೊಂಡು ಕಡ್ಡಿ, ಎಷ್ಟೇ ನಾಜೂಕಾಗಿ ಓರೆಯಾಗಿ ಟ್ರಿಮ್ ಮಾಡಿದ್ರೂ ಅದು ಮತ್ತೆ ಬರಲ್ಲ. ಒಳ್ಳೇ ಬ್ರಷ್ ಮಾಡೋರು ಜಗತ್ತಲ್ಲಿ ಎಲ್ಲೇ ಇರ್ಲಿ, ಆಕಾರ ಕೊಡೋದು ಬುಡದ ಕಡೆಯಿಂದ, ತುದಿಗಳನ್ನ ಮುಂದೆ ಹಿಂದೆ ಜೋಡಿಸ್ಕೊಂಡು, ಹೆಚ್ಚಾದ ಉದ್ದಾನ ಬುಡದಲ್ಲಿ ಕತ್ತರಿಸ್ತಾರೆ. ತುದಿ ಮುಟ್ಟಲ್ಲ.

ಈಗ ಕುದುರೆ ಬಾಲ ತಗೊಳ್ಳಿ. ಎರಡಡಿ ಉದ್ದದ ಕೂದಲು ನೋಡಿದ ತಕ್ಷಣ ಅಬ್ಬಾ ಇದರಲ್ಲಿ ಹತ್ತು ಬ್ರಷ್ ಆಗುತ್ತೆ ಅನ್ಸುತ್ತೆ, ಆದ್ರೆ ಆ ಇಡೀ ಎಳೇಲಿ ಚೂಪು ತುದಿ ಇರೋದು ಕೊನೇ ಎರಡು ಮೂರು ಇಂಚಲ್ಲಿ ಮಾತ್ರ, ಅದೂ ನೆಲಕ್ಕೆ, ಲಾಯದ ಗೋಡೆಗೆ ಉಜ್ಜಿ ಉಜ್ಜಿ ಸವೆದು ಸೀಳಿರೋದೇ ಜಾಸ್ತಿ. ಉಳಿದ ಭಾಗ ವೇಸ್ಟ್ ಅಲ್ಲ, ಅಗಲದ ಬ್ರಷ್‌ಗೆ, ಅಂಟು ಹಚ್ಚೋಕೆ, ದೊಡ್ಡ ಟೆಕ್ಸ್ಚರ್ ಕೆಲಸಕ್ಕೆ ಬಹಳ ಚೆನ್ನಾಗಿ ಬರುತ್ತೆ. ಆದ್ರೆ ಗೆರೆ ಎಳೆಯೋ ಬ್ರಷ್ ಬೇಕು ಅಂದ್ರೆ ಬೇರೆ ಜಾಗದ ಕೂದಲು ಹುಡುಕಬೇಕು. ಬಾಲ ಶುರುವಾಗೋ ಕಡೆ, ಮೇಲ್ಗಡೆ ಎರಡೂ ಪಕ್ಕದಲ್ಲಿ ಗಿಡ್ಡ ಕೂದಲು ಇರುತ್ತೆ, ಅವು ಎಲ್ಲೂ ಉಜ್ಜಿರಲ್ಲ, ತುದಿ ಹಾಗೇ ಇರುತ್ತೆ. ಕತ್ತಿನ ಜೂಲಲ್ಲಿ ಹೊಸದಾಗಿ ಬೆಳೀತಿರೋ ಕೂದಲು, ಹಣೆ ಮೇಲೆ ಬೀಳೋ ಜುಟ್ಟು, ಗೊರಸಿನ ಮೇಲಿನ ಗಂಟಿನ ಹಿಂದೆ ಇರೋ ಮೆದು ಕೂದಲು, ಇವೆಲ್ಲ ಚಿನ್ನ. ಬಾಲದ ಕೂದಲು ನಮ್ಮ ತಲೆಕೂದಲಿಗಿಂತ ಸುಮಾರು ಎರಡರಷ್ಟು ದಪ್ಪ, ಗಡಸು, ಬಗ್ಗಿಸಿದ್ರೆ ಟಕ್ ಅಂತ ವಾಪಸ್ ನಿಲ್ಲುತ್ತೆ. ಜೂಲಿನದು ಅದಕ್ಕಿಂತ ಸಣ್ಣ, ಮೆತ್ತಗೆ. ಒಂದೇ ಕುದುರೆ ಮೈಮೇಲೆ ನಾಲ್ಕು ಥರದ ಬ್ರಷ್ ಇದೆ ಅನ್ನೋದು ಅರ್ಥ ಆದ ದಿನದಿಂದ ನಾನು ಕೂದಲನ್ನ ಜಾಗದ ಪ್ರಕಾರ ಬೇರೆಬೇರೆ ಕವರಲ್ಲಿ ಹಾಕಿ ಹೆಸರು ಬರೆದಿಡ್ತೀನಿ. ಹೆಣ್ಣು ಕುದುರೆ ಬಾಲದ ಕೂದಲು ಮೂತ್ರ ತಾಗಿ ಹಳದಿ ಬಣ್ಣಕ್ಕೆ ತಿರುಗಿ ಸ್ವಲ್ಪ ಪೆಡಸಾಗಿರುತ್ತೆ, ಪಿಟೀಲಿನ ಕಮಾನಿಗೆ ಕೂದಲು ಹಾಕೋರೂ ಇದೇ ಕಾರಣಕ್ಕೆ ಗಂಡು ಕುದುರೇದೇ ಬೇಕು ಅಂತಾರೆ.

ತೊಳೆಯೋ ವಿಷಯದಲ್ಲಿ ಸ್ವಲ್ಪ ಸೀರಿಯಸ್ ಆಗಿರಿ. ಮೊದಲ ಮಹಾಯುದ್ಧದ ಟೈಮಲ್ಲಿ ಶೇವಿಂಗ್ ಬ್ರಷ್‌ಗೆ ಬ್ಯಾಜರ್ ಅನ್ನೋ ಬಿಲ ತೋಡೋ ಪ್ರಾಣಿ ಕೂದಲು ಸಿಗದೆ, ರಷ್ಯಾ, ಚೀನಾ, ಜಪಾನ್ ಕಡೆಯಿಂದ ಬಂದ ಕುದುರೆ ಕೂದಲನ್ನೇ ಬ್ಯಾಜರ್ ಥರ ಕಾಣೋ ಹಾಗೆ ಮಾಡಿ ಬ್ರಷ್ ಕಟ್ಟಿದ್ರು, ಸರಿಯಾಗಿ ಸೋಂಕು ಕಳೆಯದೆ ಹೋದ್ದರಿಂದ ಬ್ರಿಟಿಷ್ ಮತ್ತೆ ಅಮೆರಿಕನ್ ಸೈನಿಕರಿಗೆ ಮುಖದ ಮೇಲೆ ಆಂಥ್ರಾಕ್ಸ್ ಅನ್ನೋ, ಪ್ರಾಣಿಗಳಿಂದ ಹರಡೋ ರೋಗ ಬಂತು, ಕೆಲವರು ಸತ್ತೂ ಹೋದ್ರು. ಕೊನೆಗೆ 1920ರಲ್ಲಿ ಬ್ರಿಟನ್ ಜಪಾನಿನ ಶೇವಿಂಗ್ ಬ್ರಷ್ ಆಮದನ್ನೇ ನಿಲ್ಲಿಸ್ತು. ಹಾಗಂತ ಹೆದರಬೇಕಿಲ್ಲ, ಆದ್ರೆ ಸತ್ತ ಪ್ರಾಣಿ ಕೂದಲು, ಎಲ್ಲಿಂದ ಬಂತು ಅಂತ ಗೊತ್ತಿಲ್ಲದ ಕೂದಲು ಮುಟ್ಟಲೇಬೇಡಿ. ಕಣ್ಣೆದುರು ಆರೋಗ್ಯವಾಗಿ ಓಡಾಡ್ತಿರೋ ಕುದುರೇದು ಮಾತ್ರ ತಗೊಳ್ಳಿ, ಮೊದಲ ಸಲ ಬಿಡಿಸುವಾಗ ಮಾಸ್ಕ್, ಗ್ಲೌಸ್ ಹಾಕ್ಕೊಳ್ಳಿ, ಧೂಳು ಮೂಗಿಗೆ ಹೋಗಬಾರದು.

ಆಮೇಲೆ ಅಂಟುವಾಳದ ನೀರು. ಕಾಯಿ ರಾತ್ರಿ ನೆನೆಹಾಕಿ ಬೆಳಗ್ಗೆ ಕಿವುಚಿ ಸೋಸಿದ ಬಿಸಿ ನೀರಲ್ಲಿ ಕೂದಲನ್ನ ಬುಡದಲ್ಲಿ ದಾರ ಕಟ್ಟಿ ಅದ್ದಿ ಅದ್ದಿ ತೊಳೆಯೋದು, ನೀರು ತಿಳಿ ಆಗೋವರೆಗೂ. ಶಾಂಪೂ ಆದ್ರೂ ನಡೆಯುತ್ತೆ, ಕಂಡೀಷನರ್ ಇರೋದು ಬೇಡ. ಕುದಿಸೋಕೆ ಹೋಗಬೇಡಿ, ಕೂದಲಿನ ಜೀವ ಹೋಗುತ್ತೆ. ಇಷ್ಟಾದ್ರೂ ಒಳಗೆ ಒಂದಿಷ್ಟು ಜಿಡ್ಡು ಉಳ್ಕೊಂಡೇ ಇರುತ್ತೆ, ಜಿಡ್ಡಿದ್ರೆ ಬ್ರಷ್ ನೀರು ಕುಡಿಯಲ್ಲ, ಬಣ್ಣ ಹನಿಹನಿಯಾಗಿ ಜಾರಿ ಹೋಗುತ್ತೆ. ಇದಕ್ಕೆ ಜಪಾನಿನ ಹಿರೋಷಿಮಾ ಹತ್ರ ಕುಮಾನೊ ಅಂತ ಬ್ರಷ್ ಕಟ್ಟೋರ ಊರಿದೆ, ಅಲ್ಲಿನವರು ಮಾಡೋ ಉಪಾಯ ನನಗೆ ತುಂಬಾ ಹಿಡಿಸ್ತು. ಭತ್ತದ ಹೊಟ್ಟು ಸುಟ್ಟ ಬೂದೀನ ಕೂದಲಿನ ಮೇಲೆ ಉದುರಿಸಿ, ಬಿಸಿ ಇಸ್ತ್ರಿಪೆಟ್ಟಿಗೆ ಥರದ್ದು ಇಟ್ಟು, ಆಮೇಲೆ ಜಿಂಕೆ ಚರ್ಮದಲ್ಲಿ ಸುತ್ತಿ ಉಜ್ಜುತ್ತಾರೆ. ಬಿಸಿಗೆ ಜಿಡ್ಡು ಹೊರಗೆ ಬರುತ್ತೆ, ಬೂದಿ ಅದನ್ನ ಎಳ್ಕೊಳ್ಳುತ್ತೆ, ಸುರುಳಿ ಇದ್ದ ಕೂದಲು ನೆಟ್ಟಗಾಗುತ್ತೆ. ಭತ್ತದ ಹೊಟ್ಟಿನ ಬೂದಿ! ನಮ್ಮ ಮಂಡ್ಯ ಕಡೆ ರೈಸ್ ಮಿಲ್ ಹಿಂದೆ ರಾಶಿ ಬಿದ್ದಿರುತ್ತಲ್ಲ, ಅದೇ. ಜಿಂಕೆ ಚರ್ಮ ನಮಗೆ ಬೇಡ, ಸಿಗೋದೂ ಇಲ್ಲ, ದಪ್ಪ ಹತ್ತಿ ಬಟ್ಟೆ ಸಾಕು. ಬೂದಿ ನುಣ್ಣಗೆ ಜರಡಿ ಹಿಡಿದು ಹಾಕಿ, ಬಟ್ಟೆ ಮುಚ್ಚಿ, ಇಸ್ತ್ರಿಪೆಟ್ಟಿಗೇನ ಕಡಿಮೆ ಬಿಸೀಲಿ ಒಂದು ನಿಮಿಷ ಇಟ್ಟು, ಅಂಗೈ ನಡುವೆ ರೊಟ್ಟಿ ಹಿಟ್ಟು ನಾದೋ ಹಾಗೆ ಉಜ್ಜಿ. ತೊಳೆದಾಗ ಬರೋ ಕೂದಲು ಬೇರೇನೇ ಇರುತ್ತೆ, ನೀರಿಗೆ ಹಾಕಿದ ತಕ್ಷಣ ಒಂದಕ್ಕೊಂದು ಅಂಟಿ ಕೂತ್ಕೊಳ್ಳುತ್ತೆ.

ಕುಮಾನೊ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. ಅದು ಸುತ್ತ ಬೆಟ್ಟ ಇರೋ ಊರು, ಬೇಸಾಯದಲ್ಲಿ ಹೊಟ್ಟೆ ತುಂಬದೆ ಅಲ್ಲಿನ ರೈತರು ಬಿಡುವಿನ ಕಾಲದಲ್ಲಿ ನಾರಾ ಕಡೆ ಕೂಲಿಗೆ ಹೋಗಿ, ವಾಪಸ್ ಬರುವಾಗ ಬ್ರಷ್, ಮಸಿ ಕೊಂಡು ದಾರಿಯುದ್ದಕ್ಕೂ ಮಾರ್ಕೊಂಡು ಬರ್ತಿದ್ರಂತೆ, ಆಮೇಲೆ ಎಡೋ ಕಾಲದ ಕೊನೇ ಭಾಗದಲ್ಲಿ, ಅಂದ್ರೆ ಹತ್ತೊಂಬತ್ತನೇ ಶತಮಾನದಲ್ಲಿ, ಕಟ್ಟೋದನ್ನೇ ಕಲಿತು ಊರಿಗೆ ತಂದ್ರು. ಕೂದಲು ಅಲ್ಲಿ ಬೆಳೆಯೋದಲ್ಲ, ಹೆಚ್ಚಿನದು ಹೊರಗಿಂದಾನೇ ಬರೋದು. ಇದ್ದಿದ್ದು ಕೈಕೆಲಸ ಒಂದೇ. 2011ರಲ್ಲಿ ಜಪಾನಿನ ಮಹಿಳಾ ಫುಟ್ಬಾಲ್ ಟೀಮ್ ವಿಶ್ವಕಪ್ ಗೆದ್ದಾಗ ಸರ್ಕಾರ ಸನ್ಮಾನದಲ್ಲಿ ಕೊಟ್ಟಿದ್ದು ಇದೇ ಕುಮಾನೊ ಮೇಕಪ್ ಬ್ರಷ್. ನಮ್ಮಲ್ಲೂ ಉತ್ತರ ಪ್ರದೇಶದ ಬಿಜ್ನೋರ್ ಜಿಲ್ಲೇಲಿ ಶೇರ್‌ಕೋಟ್ ಅಂತ ಊರಿಗೆ ಊರೇ ಬ್ರಷ್ ಕಟ್ಟುತ್ತೆ, ಮುಂಗುಸಿ ಕೂದಲಿಗಾಗಿ ದಾಳಿ ನಡೆದ ಸುದ್ದಿ ಬಂದಾಗ ಮಾತ್ರ ಆ ಊರ ಹೆಸರು ಕೇಳಿಬರೋದು ನೋಡಿದ್ರೆ ಬೇಜಾರಾಗುತ್ತೆ. ಅಲ್ಲಿನ ಕೈಗಳಲ್ಲಿ ಇರೋ ವಿದ್ಯೆ ಕಡಿಮೆದಲ್ಲ, ಕೂದಲು ಬದಲಾಗಬೇಕು ಅಷ್ಟೇ.

ಸರಿ, ಜೋಡಿಸೋ ಕೆಲಸ. ಬಾಚಣಿಗೇಲಿ ಬಂದ ಕೂದಲಲ್ಲಿ ಬುಡ ಯಾವುದು ತುದಿ ಯಾವುದು ಅಂತ ಕಣ್ಣಿಗೆ ಗೊತ್ತಾಗಲ್ಲ. ಒಂದು ಎಳೇನ ಹೆಬ್ಬೆರಳು ತೋರುಬೆರಳ ನಡುವೆ ಇಟ್ಟು ಸುಮ್ನೆ ಉದ್ದಕ್ಕೆ ಹಿಂದೆಮುಂದೆ ತಿಕ್ಕಿ, ಕೂದಲು ತಾನಾಗೇ ಒಂದು ಕಡೆಗೆ ಸರಿಯೋಕೆ ಶುರು ಮಾಡುತ್ತೆ. ಅದು ಹೋಗೋ ದಿಕ್ಕೇ ಬುಡ. ಕೂದಲ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಹೊಪ್ಪಳೆಗಳು ತುದಿ ಕಡೆ ಮುಖ ಮಾಡ್ಕೊಂಡು ಕೂತಿರ್ತವೆ, ಅದಕ್ಕೆ ಒಂದು ಕಡೆಗೆ ಜಾರುತ್ತೆ, ಇನ್ನೊಂದು ಕಡೆಗೆ ತಡೆಯುತ್ತೆ. ಬುಡ ತುದಿ ಅದಲುಬದಲಾಗಿ ಸೇರಿದ್ರೆ ಬ್ರಷ್ ಒಳಗೆ ಕೂದಲು ಒಂದಕ್ಕೊಂದು ಸಿಕ್ಕಿ ಬೇಗ ಗಂಟಾಗುತ್ತೆ, ತುದೀನೂ ಸೇರಲ್ಲ. ಆ ಸ್ಕೂಲ್ ಬ್ರಷ್ ಕೆದರಿಕೊಳ್ತಿದ್ದಕ್ಕೂ ಇಂಥದ್ದೇ ಕಾರಣ ಇರುತ್ತೆ.

ದಿಕ್ಕು ಸರಿಮಾಡಿದ ಕೂದಲನ್ನ ತುದಿ ಕೆಳಗಾಗೋ ಹಾಗೆ ಒಂದು ಚಿಕ್ಕ ಬಟ್ಟಲಿಗೆ ಇಳಿಸಿ ತಟ್ಟಬೇಕು. ಪಾಶ್ಚಾತ್ಯ ಬ್ರಷ್ ಕಾರ್ಖಾನೇಲಿ ಇದಕ್ಕೇ ಅಂತ ಹಿತ್ತಾಳೆ ಕಪ್ ಇರುತ್ತೆ, ಒಳಗಿನ ತಳ ಬ್ರಷ್ ತುದಿ ಆಕಾರಕ್ಕೆ ಕೊರೆದಿರುತ್ತೆ. ನಾನು ಚನ್ನಪಟ್ಟಣದ ಮರದ ಕುಂಕುಮದ ಭರಣಿ ಬಳಸ್ತೀನಿ, ಕಿರುಬೆರಳು ಹೋಗೋವಷ್ಟು ಬಾಯಿ, ಒಳಗೆ ತಳ ದುಂಡಗೆ, ನುಣ್ಣಗೆ. ಕೂದಲು ಇಳಿಸಿ ಮೇಜಿನ ಮೇಲೆ ಟಪ ಟಪ ಅಂತ ತಟ್ಟುತ್ತಾ ಹೋದ್ರೆ ನಡುವಿನ ಕೂದಲು ಆಳಕ್ಕೆ ಇಳಿಯುತ್ತೆ, ಅಂಚಿನದು ಮೇಲೇ ನಿಲ್ಲುತ್ತೆ, ಹೊರಗೆ ತೆಗೆದಾಗ ಮೊಗ್ಗಿನ ಆಕಾರ ತಾನಾಗೇ ಬಂದಿರುತ್ತೆ. ಬೇಸಿಗೇಲಿ ಈ ಕೆಲಸ ಆಗಲ್ಲ, ಒಣ ಹವೇಗೆ ಕೂದಲು ಕರೆಂಟ್ ಹಿಡಿದ ಹಾಗೆ ನಿಮಿರಿ ದೂರ ದೂರ ಹಾರುತ್ತೆ, ಬೆರಳಿಗೆ ಸ್ವಲ್ಪ ನೀರು ಮುಟ್ಟಿಸ್ಕೊಂಡು ಮಾಡಬೇಕು. ಈ ಹಂತದಲ್ಲೇ ಮೊಂಡು ತುದಿ, ಸೀಳಿದ ತುದಿ ಇರೋವನ್ನ ಹುಡುಕಿ ತೆಗೆಯೋದು. ಒದ್ದೆ ಮಾಡಿ ಕಪ್ಪು ಕಾಗದದ ಮೇಲೆ, ಕೂದಲು ಕಪ್ಪಾಗಿದ್ರೆ ಬಿಳಿ ಕಾಗದದ ಮೇಲೆ, ತೆಳ್ಳಗೆ ಹರಡಿ, ಮೊಂಡಾಗಿ ಕಂಡಿದ್ದನ್ನ ಚಿಮಟದಲ್ಲಿ ಎಳೆದು ಹಾಕೋದು, ಮತ್ತೆ ಒಟ್ಟು ಮಾಡೋದು, ಮತ್ತೆ ಹರಡೋದು. ಸಮಯ ಹೋಗೋದೆಲ್ಲ ಇಲ್ಲೇ, ಬ್ರಷ್ ಚೆನ್ನಾಗಾಗೋದೂ ಇಲ್ಲೇ. ರೇಡಿಯೋ ಹಾಕ್ಕೊಂಡು ಕೂತ್ರೆ ಮಧ್ಯಾಹ್ನ ಪೂರ್ತಿ ಹೋಗುತ್ತೆ.

ಬರೀ ಕುದುರೆ ಕೂದಲಿನ ಬ್ರಷ್ ನೀರು ಜಾಸ್ತಿ ಹಿಡಿಯಲ್ಲ, ಕೂದಲು ನುಣುಪು ಮತ್ತೆ ಗಡಸು ಇರೋದ್ರಿಂದ ಬೇಗ ಬಿಟ್ಟುಬಿಡುತ್ತೆ. ಮೇಕೆ ಕೂದಲು ನೀರು ಚೆನ್ನಾಗಿ ಕುಡಿಯುತ್ತೆ ಆದ್ರೆ ಒತ್ತಿದ ಕಡೆ ಮಲಗಿಬಿಡುತ್ತೆ. ಎರಡನ್ನೂ ಸೇರಿಸೋದು ಚೀನಾ ಜಪಾನ್ ಕಡೆ ಹಳೇ ಪದ್ಧತಿ, ನಡುವೆ ಕುದುರೆ, ಸುತ್ತ ತೆಳ್ಳಗೆ ಮೇಕೆ. ನಾನೀಗ ಹೆಚ್ಚಾಗಿ ಹಾಗೇ ಕಟ್ಟೋದು. ಒಳಗಿನ ಕಟ್ಟನ್ನ ಗಂಜಿ ನೀರಲ್ಲಿ ಅದ್ದಿ ಒಣಗಿಸಿ, ಆಮೇಲೆ ಮೇಕೆ ಕೂದಲನ್ನ ಒದ್ದೆ ಗಾಜಿನ ಮೇಲೆ ಪಟ್ಟಿ ಥರ ಹರಡಿ ಅದರ ಮೇಲೆ ಉರುಳಿಸಿದ್ರೆ ಸುತ್ಕೊಳ್ಳುತ್ತೆ.

ಕಟ್ಟೋಕೆ ಮೇಣ ಹಚ್ಚಿದ ದಾರ. ಬುಡದಲ್ಲಿ ಎರಡು ಸುತ್ತು ಹಾಕಿ, ದಾರದ ಒಂದು ತುದಿ ಕಾಲ್ಬೆರಳಿಗೆ, ಇನ್ನೊಂದು ಕೈಗೆ, ಹಾಗೆ ಎಳೆದು ಬಿಗಿ ಮಾಡಿದಾಗ ಕೂದಲು ಒಂದಕ್ಕೊಂದು ಕಚ್ಕೊಂಡು ಕಟ್ಟು ಕಲ್ಲಾಗಬೇಕು. ಕುಮಾನೊದಲ್ಲಿ ಬುಡಾನ ಕಾದ ಕಬ್ಬಿಣಕ್ಕೆ ಒತ್ತಿ ಸುಡ್ತಾರೆ, ಸುಟ್ಟ ಕೂದಲು ಕರಗಿ ಒಂದಾಗುತ್ತೆ, ಒಂದೊಂದೇ ಎಳೆ ಉದುರಲ್ಲ. ನಾನೂ ಗ್ಯಾಸ್ ಮೇಲೆ ಹಳೇ ಚಾಕು ಕಾಯಿಸಿ ಹಾಗೇ ಮಾಡ್ತೀನಿ, ಮನೆ ತುಂಬಾ ಸುಟ್ಟ ಕೂದಲ ವಾಸನೆ ಬರುತ್ತೆ, ಕಿಟಕಿ ತೆಗೆದಿಡಿ. ಹಿಡಿಗೆ ಬಿದಿರು, ಪೆನ್ನಿನಷ್ಟು ದಪ್ಪ, ಚೆನ್ನಾಗಿ ಒಣಗಿದ್ದು. ಒಳಗಿನ ತೂತನ್ನ ಕಟ್ಟು ಬಿಗಿಯಾಗಿ ಕೂರೋವಷ್ಟು ಮಾತ್ರ ಕೆರೆದು, ಅರಾಲ್ಡೈಟ್ ಹಾಕಿ ಕೂರಿಸಿ, ಬಿದಿರು ಸೀಳದ ಹಾಗೆ ಹೊರಗಿಂದ ದಾರ ಸುತ್ತಿ. ಮೂರು ಸೆಂಟಿಮೀಟರ್ ಕೂದಲು ಹೊರಗೆ ಇದ್ರೆ ಒಂದೂವರೆಯಾದ್ರೂ ಒಳಗಿರ್ಲಿ, ಇಲ್ಲಾಂದ್ರೆ ಸ್ಪ್ರಿಂಗ್ ಬರಲ್ಲ. ಕೂದಲನ್ನ ಹಿಡಿಗೆ ಸೇರಿಸೋ ತಗಡಿನ ಕೊಳವೆ ಬರೋಕೆ ಮುಂಚೆ ಯುರೋಪಲ್ಲೂ, ನಮ್ಮ ಮಿನಿಯೇಚರ್ ಚಿತ್ರಕಾರರ ಹತ್ರಾನೂ ಹಕ್ಕಿ ಗರಿಯ ಕೊಳವೆ ಇತ್ತು, ಬಿಸಿ ನೀರಲ್ಲಿ ನೆನೆಸಿ ಕೂದಲ ಕಟ್ಟನ್ನ ಒಳಗಿಂದ ಎಳೆದು ಬಿಟ್ರೆ ಒಣಗುವಾಗ ಗರಿ ಕುಗ್ಗಿ ತಾನೇ ಬಿಗಿ ಹಿಡಿಯುತ್ತೆ. ಕೋಳಿ ಗರೀಲಿ ಇದು ಮನೇಲೇ ಮಾಡಬಹುದು, ಸಣ್ಣ ಬ್ರಷ್‌ಗೆ ಬಹಳ ಚೆಂದ.

ಈ ಬ್ರಷ್ ಹೇಗೆ ಬರೆಯುತ್ತೆ ಅಂದ್ರೆ, ಸಣ್ಣ ಗೆರೆಗೆ ಹೆಸರಾದ ಸೇಬಲ್ ಕೂದಲಿನ ಬ್ರಷ್ ಥರ ಬರೆಯಲ್ಲ, ಅದನ್ನ ನಿರೀಕ್ಷೆ ಮಾಡಬೇಡಿ. ರೆಪ್ಪೆಯಷ್ಟು ಸಣ್ಣ ಗೆರೆಗೆ ಇದು ಅಲ್ಲ. ಮೈಸೂರು ಶೈಲಿಯ ಹಳೇ ಚಿತ್ರಕಾರರು ಅಳಿಲು, ಮೇಕೆ ಕೂದಲ ಬ್ರಷ್ ಇಟ್ಕೊಂಡಿದ್ರೂ ಅತೀ ಸೂಕ್ಷ್ಮ ಗೆರೆಗೆ ಚೂಪು ತುದಿಯ ಒಂದು ಥರದ ಹುಲ್ಲನ್ನೂ ಬಳಸ್ತಿದ್ರು, ಮಲೆನಾಡಿನ ದೀವರ ಹೆಣ್ಣುಮಕ್ಕಳು ಗೋಡೆ ಮೇಲೆ ಚಿತ್ತಾರ ಬರೆಯೋದು ಪುಂಡಿ ನಾರಿನ ಕುಂಚದಲ್ಲಿ. ಕೆಲಸಕ್ಕೆ ತಕ್ಕ ಕುಂಚ, ಕೈಗೆ ಸಿಗೋ ವಸ್ತುವಿಂದ. ಕುದುರೆ ಕೂದಲಿಗೆ ಬರೋ ಗೆರೆ ಅದರದ್ದೇ: ಒತ್ತಿದಾಗ ದಪ್ಪ, ಎತ್ತುತ್ತಾ ಹೋದಾಗ ಅಂಚು ಸ್ವಲ್ಪ ಒರಟು, ಇಂಕ್ ಮುಗೀತಾ ಬಂದಾಗ ಗೆರೆ ಒಳಗೆ ಬಿಳಿ ಬಿಳಿ ಸೀಳು ಬಿಡುತ್ತೆ. ಬಂಡೆ, ಮರದ ತೊಗಟೆ, ಒಣ ಹುಲ್ಲು ಬರೆಯೋಕೆ ಆ ಸೀಳು ನನಗೆ ಬೇಕೇಬೇಕು. ಚಾಮುಂಡಿ ಬೆಟ್ಟದ ಬಂಡೆಗಳನ್ನ ನಾನು ಬೇರೆ ಬ್ರಷ್‌ನಲ್ಲಿ ಬರೆಯೋದೇ ಬಿಟ್ಟಿದೀನಿ. ಜಪಾನಲ್ಲಿ ನೆಲದ ಮೇಲೆ ಕಾಗದ ಹಾಸಿ ಎರಡೂ ಕೈಯಲ್ಲಿ ಹಿಡಿದು ಬರೆಯೋ ಭಾರಿ ಬ್ರಷ್‌ಗೆ ಕುದುರೆ ಕೂದಲೇ ಹಾಕೋದು, ಅಷ್ಟು ಉದ್ದ, ಅಷ್ಟು ಬಲ ಬೇರೆ ಕೂದಲಿಗೆ ಎಲ್ಲಿಂದ ಬರ್ಬೇಕು.

ಕಾಪಾಡೋದು ಕಷ್ಟ ಇಲ್ಲ, ಆದ್ರೆ ನಮ್ಮ ಮಳೆಗಾಲದಲ್ಲಿ ಗಮನ ಬೇಕು. ಕೆಲಸ ಆದ ಮೇಲೆ ತಣ್ಣೀರಲ್ಲಿ ಪೂರ್ತಿ ತೊಳೆದು, ಬೆರಳಲ್ಲಿ ತುದಿ ಸೇರಿಸಿ, ತುದಿ ಕೆಳಗಾಗಿ ನೇತುಹಾಕಿ. ಕಪ್ಪಲ್ಲಿ ಬ್ರಷ್ ನೆಟ್ಟಗೆ ನಿಲ್ಲಿಸಿದ್ರೆ ನೀರು ಬುಡಕ್ಕೆ ಇಳಿದು ಬಿದಿರಿಗೆ ಬೂಷ್ಟು ಬರುತ್ತೆ. ಗಂಜಿ ಹಾಕಿ ಗಟ್ಟಿ ಮಾಡಿಟ್ಟ ಹೊಸ ಬ್ರಷ್‌ಗೆ ಜಿರಳೆ ಬರುತ್ತೆ, ಹಾಗಾಗಿ ಡಬ್ಬೀಲಿ ಒಣ ಬೇವಿನೆಲೆ ಜೊತೆ ಇಡಿ, ತಿಂಗಳಿಗೊಮ್ಮೆ ಬಿಸಿಲು ತೋರಿಸಿ. ಮೊದಲ ಸಲ ಕಟ್ಟೋರು ಚೂಪು ಬ್ರಷ್‌ಗೆ ಹೋಗಬೇಡಿ, ಬಾಲದ ಕೂದಲಲ್ಲೇ ಎರಡು ಬೆರಳಗಲದ ಚಪ್ಪಟೆ ಬ್ರಷ್ ಒಂದು ಕಟ್ಟಿ, ಕಟ್ಟು ಬಿಗಿ ಮಾಡೋದು ಕೈಗೆ ಬರುತ್ತೆ, ಆಮೇಲೆ ಭರಣಿ ಕೆಲಸಕ್ಕೆ ಇಳೀಬಹುದು. ಮೈಸೂರಲ್ಲಿರೋರಿಗೆ ಕೂದಲು ಬೇಕಿದ್ರೆ ಕಾಮೆಂಟಲ್ಲಿ ಹೇಳಿ, ತೊಳೆದಿಟ್ಟಿರೋ ಬಾಲದ ಕೂದಲು ನನ್ನ ಹತ್ರ ಧಾರಾಳವಾಗಿ ಇದೆ. ಜೂಲಿನದು ಮಾತ್ರ ಕೊಡಲ್ಲ, ಅದು ನನಗೇ ಸಾಲ್ತಿಲ್ಲ.